ಬಾಲಕ ರಾಮದೇವರಾಯನ ರಕ್ಷಣೆ: ಆಕರಗಳ ಒಂದು ಪರಿಶೀಲನೆ

ಕೊಲೆಗಡುಕರು ಬೆನ್ನಟ್ಟಿರುವ ಒಂದು ಮಗು. ಅದನ್ನು ಕಾಪಾಡುವ ಹೊಣೆಯನ್ನು ಒಲ್ಲದ ಮನಸ್ಸಿನಿಂದಲೇ ಹೊರಬೇಕಾಗಿ ಬಂದ ಒಬ್ಬ ವೀರ. ಈ ವಸ್ತುವನ್ನಿಟ್ಟುಕೊಂಡು ರಚಿತವಾಗಿರುವ ಸಾಹಸಕಥೆಗಳಿಗೂ ಚಲಚ್ಚಿತ್ರಗಳಿಗೂ ಲೆಕ್ಕವಿಲ್ಲ. ಅವುಗಳಲ್ಲಿ ಮಗು ನಿರ್ದೋಷಿ, ಬೆನ್ನಟ್ಟುವವರು ಕ್ರೂರಿಗಳು, ರಕ್ಷಕನು ಮೊದಲು ಹಿಂಜರಿದು ಕೊನೆಗೆ ಪ್ರಾಣವನ್ನೇ ಪಣವಾಗಿ ಒಡ್ಡುವವನು. ಇತಿಹಾಸದಲ್ಲಿ ಇಂತಹ ಪ್ರಸಂಗ ಒದಗಿದಾಗ ಪಾತ್ರಗಳು ಇಷ್ಟು ಸುಲಭವಾಗಿ ವಿಂಗಡವಾಗುವುದಿಲ್ಲ. ಕರ್ನಾಟಕ ಸಾಮ್ರಾಜ್ಯದ ಕಡೆಯ ದಿನಗಳಲ್ಲಿ, ಎರಡನೆಯ ವೆಂಕಟಪತಿರಾಯನು 1614ರಲ್ಲಿ ತೀರಿಕೊಂಡ ಕೆಲವು ತಿಂಗಳಲ್ಲಿಯೇ, ವೇಲೂರಿನ ಸೆರೆಯಿಂದ ಅಗಸನ ಬಟ್ಟೆಗಂಟಿನಲ್ಲಿ ಹೊರಬಿದ್ದ ಬಾಲಕ ರಾಮದೇವನ ವೃತ್ತಾಂತವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ. ನಮ್ಮ ಪಠ್ಯಪುಸ್ತಕಗಳು ಇದನ್ನು ಎರಡು ವಾಕ್ಯಗಳಲ್ಲಿ ಮುಗಿಸುವುದು ವಾಡಿಕೆ: ಯಾಚಮನಾಯಕನ ಸ್ವಾಮಿಭಕ್ತಿಯಿಂದ ರಾಜಕುಮಾರನು ಬದುಕಿ ಉಳಿದನು, ತಂಜಾವೂರಿನ ರಘುನಾಥನಾಯಕನ ಶೌರ್ಯದಿಂದ ಪಟ್ಟವೇರಿದನು. ಈ ವಾಕ್ಯಗಳು ಸುಳ್ಳಲ್ಲ. ಆದರೆ ರಕ್ಷಣೆಯ ಕೀರ್ತಿಯನ್ನು ಅವು ಹಂಚಿರುವ ರೀತಿಯು ಆಕರಗಳ ಸಾಕ್ಷ್ಯಕ್ಕೆ ಪೂರ್ತಿಯಾಗಿ ಹೊಂದುವುದಿಲ್ಲವೆಂದು ನಮ್ಮ ಅಭಿಪ್ರಾಯ. ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನಿರೂಪಿಸಲು ಯತ್ನಿಸಲಾಗಿದೆ.

ಮೊದಲು ಸನ್ನಿವೇಶವನ್ನು ಸಂಕ್ಷೇಪವಾಗಿ ನೆನೆಯಬೇಕು. 1565ರ ಯುದ್ಧದ ತರುವಾಯ ಆರವೀಡು ವಂಶದ ಅರಸರು ಹಂಪೆಯನ್ನು ಬಿಟ್ಟು ಪೆನುಕೊಂಡೆಗೂ, ಅಲ್ಲಿಂದ ಚಂದ್ರಗಿರಿಗೂ, ಕೊನೆಗೆ ವೇಲೂರಿಗೂ ರಾಜಧಾನಿಯನ್ನು ಸಾಗಿಸಿದರು. ವೆಂಕಟಪತಿಯು 1586ರ ಸುಮಾರಿನಿಂದ 1614ರವರೆಗೆ, ಇಪ್ಪತ್ತೆಂಟು ವರ್ಷಗಳ ಕಾಲ, ಕುಸಿಯುತ್ತಿದ್ದ ಮನೆಗೆ ಊರೆಗೋಲು ಕೊಟ್ಟಂತೆ ರಾಜ್ಯವನ್ನು ನಿಲ್ಲಿಸಿಕೊಂಡು ಬಂದನು. ಆದರೂ ಅವನ ಕಾಲದಲ್ಲಿಯೇ ಕನ್ನಡ ನಾಡಿನ ಮೇಲಣ ಹಿಡಿತವು ಸಡಿಲವಾಯಿತು. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಚಕ್ರವರ್ತಿಯ ಪ್ರತಿನಿಧಿಯಾಗಿದ್ದ ತಿರುಮಲನಿಂದ ತೆಗೆದುಕೊಂಡರು. ಈ ತಿರುಮಲನು ವೆಂಕಟಪತಿಯ ಅಣ್ಣನಾದ ರಾಮನ ಮಗ; ಆ ರಾಮನು ಹಿಂದೆ ಶ್ರೀರಂಗಪಟ್ಟಣದಲ್ಲಿ ಪ್ರತಿನಿಧಿಯಾಗಿ ಆಳಿದವನು. ತಿರುಮಲನ ತಮ್ಮನೇ ಶ್ರೀರಂಗ, ಚಿಕ್ಕರಾಯನೆಂದು ಪ್ರಸಿದ್ಧನಾದವನು. ನಮ್ಮ ಕಥಾನಾಯಕನಾದ ಬಾಲಕ ರಾಮದೇವನು ಈ ಚಿಕ್ಕರಾಯನ ಎರಡನೆಯ ಮಗ. ಅಂದರೆ, ಶ್ರೀರಂಗಪಟ್ಟಣದ ಹಳೆಯ ಪ್ರತಿನಿಧಿಯ ಮೊಮ್ಮಗ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿ ಇಲ್ಲಿಯೂ ನಡೆದಿದೆ.

ಈ ಘಟನಾವಳಿಗೆ ನಮಗಿರುವ ಮುಖ್ಯ ಆಕರಗಳು ಮೂರು ಬಗೆಯವು. ಒಂದು, ಪೋರ್ಚುಗೀಸ್ ಜೆಸುಯಿಟ್ ಪಾದ್ರಿ ಮಾನುಯೆಲ್ ಬರ್ರದಾಸನು 1616ರ ಡಿಸೆಂಬರ್ 12ರಂದು ಬರೆದ ಪತ್ರ. ಇದರ ಇಂಗ್ಲಿಷ್ ಅನುವಾದವನ್ನು ರಾಬರ್ಟ್ ಸೀವೆಲ್ಲರು 1900ರಲ್ಲಿ ಪ್ರಕಟವಾದ ತಮ್ಮ ವಿಜಯನಗರ ಚರಿತ್ರೆಯಲ್ಲಿ ಸೇರಿಸಿದರು. ಎರಡು, ತಂಜಾವೂರಿನ ಆಸ್ಥಾನದಲ್ಲಿ ಹುಟ್ಟಿದ ಸಂಸ್ಕೃತ ಕಾವ್ಯಗಳು; ಯಜ್ಞನಾರಾಯಣ ದೀಕ್ಷಿತನ ಸಾಹಿತ್ಯರತ್ನಾಕರ ಮತ್ತು ರಾಮಭದ್ರಾಂಬೆಯ ರಘುನಾಥಾಭ್ಯುದಯ ಇವುಗಳಲ್ಲಿ ಪ್ರಧಾನವಾದವು. ಮೂರು, ಯಾಚಮನ ಮನೆತನದ ಪ್ರಶಸ್ತಿಗಳ ಸಂಗ್ರಹವಾದ ತೆಲುಗಿನ ವೆಲುಗೋಟಿವಾರಿ ವಂಶಾವಳಿ. ಇದನ್ನು 1939ರಲ್ಲಿ ಎನ್. ವೆಂಕಟರಮಣಯ್ಯನವರು ಸಂಪಾದಿಸಿ ಮದರಾಸು ವಿಶ್ವವಿದ್ಯಾನಿಲಯದ ಮೂಲಕ ಹೊರತಂದರು. ಈ ಮೂರರಲ್ಲಿ ಯಾವುದೂ ನಿಷ್ಪಕ್ಷಪಾತವಾದುದಲ್ಲ. ಕವಿಗಳು ಉಂಡ ಮನೆಯನ್ನು ಹೊಗಳಿದರು, ವಂದಿಗಳು ತಮ್ಮ ಒಡೆಯನನ್ನು ಹೊಗಳಿದರು. ಪಾದ್ರಿಯು ಘಟನೆಗಳನ್ನು ಕಣ್ಣಾರೆ ಕಂಡವನಲ್ಲ. ಆದರೆ ಚಂದ್ರಗಿರಿ ವೇಲೂರುಗಳ ಆಸ್ಥಾನದಲ್ಲಿ ಹಿಂದೆ ಅವನ ಸಂಘದವರು ಇದ್ದುದರಿಂದಲೂ, ಘಟನೆಗಳು ನಡೆಯುತ್ತಿದ್ದಾಗಲೇ ಬರೆದುದರಿಂದಲೂ, ಈ ಜಗಳದಲ್ಲಿ ಯಾವ ನಾಯಕನ ಅನ್ನವನ್ನೂ ಉಂಡವನಲ್ಲದ ಕಾರಣದಿಂದಲೂ, ಅವನ ಮಾತಿಗೆ ಹೆಚ್ಚು ಬೆಲೆ ಕೊಡುವುದು ನ್ಯಾಯವಾಗಿದೆ.

ಬರ್ರದಾಸನ ಕಥನವು ಒಂದು ಉಂಗುರದಿಂದ ಪ್ರಾರಂಭವಾಗುತ್ತದೆ. ವೆಂಕಟಪತಿಗೆ ಅನೇಕ ರಾಣಿಯರಿದ್ದರೂ ಮಕ್ಕಳಿರಲಿಲ್ಲ. ಗೊಬ್ಬೂರಿ ಮನೆತನದಿಂದ ಬಂದಿದ್ದ ಬಾಯಮ್ಮನೆಂಬ ರಾಣಿಯು ತಾನು ಗರ್ಭಿಣಿಯೆಂದು ನಟಿಸಿ, ತವರುಮನೆಯ ಆಶ್ರಯದಲ್ಲಿದ್ದ ಬ್ರಾಹ್ಮಣಸ್ತ್ರೀಯೊಬ್ಬಳ ಶಿಶುವನ್ನು ತನ್ನದೆಂದು ತೋರಿಸಿದಳು. ಅರಸನಿಗೆ ನಿಜಸ್ಥಿತಿ ತಿಳಿದಿತ್ತು. ಆದರೂ ರಾಣಿಯ ಮೇಲಣ ಪ್ರೀತಿಯಿಂದ ಸುಮ್ಮನಿದ್ದು, ಆ ಹುಡುಗನನ್ನು ಅರಮನೆಯೊಳಗೇ ಇಟ್ಟು ಬೆಳೆಸಿ, ಮದುವೆಯನ್ನೂ ಮಾಡಿದನು. ಸಾಯುವುದಕ್ಕೆ ಮೂರು ದಿನ ಮುಂಚೆ ಮಾತ್ರ ಅವನನ್ನು ಬಿಟ್ಟು ಅಣ್ಣನ ಮಗನಾದ ಚಿಕ್ಕರಾಯನನ್ನು ಕರೆಸಿ, ಪ್ರಮುಖರೆದುರಿನಲ್ಲಿ ರಾಜಮುದ್ರೆಯ ಉಂಗುರವಿದ್ದ ಬಲಗೈಯನ್ನು ಚಾಚಿದನು. ಚಿಕ್ಕರಾಯನು ಅದನ್ನು ತೆಗೆದುಕೊಳ್ಳಲಿಲ್ಲ. ತನಗೆ ರಾಜ್ಯ ಬೇಡವೆಂದು ಕಣ್ಣೀರಿಡುತ್ತ ಮುದುಕನ ಕಾಲಿಗೆ ಬಿದ್ದನು. ಎಬ್ಬಿಸಿ ಪಕ್ಕದಲ್ಲಿ ನಿಲ್ಲಿಸಿದ ಮೇಲೆಯೂ ಕೈಗಳನ್ನು ತಲೆಯ ಮೇಲೆತ್ತಿ ಕ್ಷಮೆ ಬೇಡಿದನು. ಎರಡನೆಯ ಸಲ ಅರಸನು ಉಂಗುರವನ್ನು ಬೆರಳ ತುದಿಯಲ್ಲಿ ಹಿಡಿದು ನೀಡಿದಾಗ, ನಾಯಕರ ಒತ್ತಾಯದಿಂದ ಅದನ್ನು ತಲೆಗೊತ್ತಿಕೊಂಡು ಬೆರಳಿಗೆ ಧರಿಸಿದನಂತೆ. ವೆಂಕಟಪತಿಯು ಅರುವತ್ತೇಳನೆಯ ವಯಸ್ಸಿನಲ್ಲಿ ಮೃತನಾದನು. ಮೂವರು ರಾಣಿಯರು ಸಹಗಮನ ಮಾಡಿದರು.

ಉಂಗುರದ ಪ್ರಸಂಗವನ್ನು ಶಿಷ್ಟಾಚಾರದ ಅಂಗವೆಂದು ತಳ್ಳಿಹಾಕಬಹುದು. ಪಟ್ಟವನ್ನು ಮೊದಲು ನಿರಾಕರಿಸುವುದು ವಿನಯದ ಲಕ್ಷಣವೆಂದು ನಮ್ಮ ಕಾವ್ಯಗಳೂ ಹೇಳುತ್ತವೆ. ಆದರೆ ಚಿಕ್ಕರಾಯನ ಅಂಜಿಕೆಗೆ ನಿಜವಾದ ಕಾರಣವೂ ಇತ್ತು. ಬಾಯಮ್ಮನ ಅಣ್ಣತಮ್ಮಂದಿರಲ್ಲಿ ಜಗ್ಗರಾಯನು ಪ್ರಬಲನಾದ ಅಮರನಾಯಕ. ಬರ್ರದಾಸನ ಲೆಕ್ಕದಂತೆ ಅವನಿಗೆ ಆರು ಲಕ್ಷ ಕ್ರುಜಾಡೊ ಆದಾಯವೂ 20,000 ಮಂದಿಯ ಸೇನೆಯೂ ಇದ್ದವು. ಅವನೊಡನೆ ಸೇರಿದ ತಿಮ್ಮನಾಯಕನಿಗೆ 12,000, ಮಾಕರಾಯನಿಗೆ 6,000 ಮಂದಿ ಇದ್ದರು. ಪಾದ್ರಿಯ ಅಂಕಿಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ಅವುಗಳ ಪ್ರಮಾಣವು ಸೂಚಿಸುವ ಸಂಗತಿ ಮಾತ್ರ ಸ್ಪಷ್ಟ. ಸೋದರಳಿಯನೆಂದು ಹೇಳಿಕೊಳ್ಳಬಹುದಾದ ಹುಡುಗನೊಬ್ಬನು ಜಗ್ಗರಾಯನ ಕೈಯಲ್ಲಿದ್ದನು. ಹೊಸ ಅರಸನು ಹಳೆಯ ನಾಯಕರ ಮನಸ್ಸನ್ನು ನೋಯಿಸಿದನೆಂಬ ದೂರುಗಳೂ ಹುಟ್ಟಿದವು. ಕೆಲವೇ ವಾರಗಳಲ್ಲಿ ಆ ಮೂವರು ನಾಯಕರು ಕೋಟೆಯನ್ನು ವಶಪಡಿಸಿಕೊಂಡು, ಚಿಕ್ಕರಾಯನನ್ನು ಹೆಂಡತಿ ಮಕ್ಕಳೊಡನೆ ಸೆರೆಯಲ್ಲಿರಿಸಿ, ಬಾಯಮ್ಮನ ಮಗನೆನಿಸಿಕೊಂಡವನನ್ನು ಪಟ್ಟದ ಮೇಲೆ ಕೂರಿಸಿದರು. ಉಳಿದ ನಾಯಕರು ಹೊಸ ವ್ಯವಸ್ಥೆಗೆ ತಲೆಬಾಗಿದರು. ತಲೆಬಾಗದೆ ಹೊರಗುಳಿದವನು ವೆಲುಗೋಟಿ ಯಾಚಮನಾಯಕನೊಬ್ಬನೇ.

ಈ ಕೋಟೆ ವೇಲೂರಿನದೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. 17ನೆಯ ಶತಮಾನದ ಮೊದಲ ದಶಕದಲ್ಲಿ ವೇಲೂರು ಲಿಂಗಮನಾಯಕನ ಕೈಯಲ್ಲಿದ್ದಾಗ ಅದನ್ನು ವೆಂಕಟಪತಿಗಾಗಿ ಗೆದ್ದುಕೊಟ್ಟವನು ಇದೇ ಯಾಚಮ. 1601ರಲ್ಲಿ ಉತ್ತರಮೇರೂರಿನ ಬಳಿ ಬಂಡಾಯಗಾರರನ್ನು ಸೋಲಿಸಿದವನೂ ಅವನೇ. ನೀರಿನ ಅಗಳಿನಿಂದ ಸುತ್ತುವರಿದ ಆ ಕೋಟೆಯ ಬಲಾಬಲಗಳನ್ನು ಅವನಷ್ಟು ಬಲ್ಲವರು ವಿರಳ. ಆದುದರಿಂದಲೇ ಅವನು ಸೇನೆಯೊಡನೆ ಕೋಟೆಯನ್ನು ಮುತ್ತುವ ಹುಚ್ಚುಸಾಹಸಕ್ಕೆ ಮೊದಲು ಕೈಹಾಕಲಿಲ್ಲವೆಂದು ಊಹಿಸಬಹುದು.

ಕೋಟೆಯೊಳಕ್ಕೆ ಹೋದವನು ಒಬ್ಬ ಅಗಸ. ಅರಮನೆಯ ಬಟ್ಟೆಗಳನ್ನು ಒಗೆಯುವ ಕಾರಣದಿಂದ ಅವನಿಗೆ ಸೆರೆಯವರೆಗೂ ಪ್ರವೇಶವಿತ್ತು. ಯಾಚಮನೊಡನೆ ಆದ ಒಪ್ಪಂದದಂತೆ ಅವನು ಚಿಕ್ಕರಾಯನ ಎರಡನೆಯ ಮಗನನ್ನು ಮೈಲಿಗೆ ಬಟ್ಟೆಗಳ ಗಂಟಿನಲ್ಲಿ ಅಡಗಿಸಿ ಕಾವಲುಗಾರರ ಕಣ್ಣೆದುರಿಗೇ ಹೊತ್ತುತಂದನು. ಬಾಲಕನಿಗೆ ಆಗ ಹನ್ನೆರಡರ ಆಸುಪಾಸಿನ ವಯಸ್ಸು.

ಬರ್ರದಾಸನು ಇದನ್ನು ಕೆಲವೇ ಮಾತುಗಳಲ್ಲಿ ಹೇಳಿ ಮುಂದಕ್ಕೆ ಸಾಗುತ್ತಾನೆ. ಅನಂತರದ ಲೇಖಕರೂ ಹಾಗೆಯೇ. ನಾವು ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಹನ್ನೆರಡು ವರ್ಷದ ಹುಡುಗನೆಂದರೆ ಕೈಗೂಸಲ್ಲ; ಅವನನ್ನು ಗಂಟಿನಲ್ಲಿ ಮುದುರಿಸಿ ಹೊರುವುದು ಬಲಶಾಲಿಗೂ ಕಷ್ಟ. ಅವನು ಕೆಮ್ಮಬಾರದು, ಅಲುಗಬಾರದು. ಹೊತ್ತವನ ನಡಿಗೆ ನಿತ್ಯದ ನಡಿಗೆಗಿಂತ ನಿಧಾನವಾಗಬಾರದು. ಇಂತಹ ಉಪಾಯ ಕೂಡಿಬರಬೇಕಾದರೆ ಕಾವಲಿನವರು ಅಗಸನ ಗಂಟನ್ನು ಬಿಚ್ಚಿಸುವ ಅಭ್ಯಾಸವನ್ನು ಇಟ್ಟುಕೊಂಡಿರಲಿಲ್ಲವೆಂದು ಆಗುತ್ತದೆ. ಕಾರಣವನ್ನು ದೂರ ಹುಡುಕಬೇಕಾಗಿಲ್ಲ: ಮೈಲಿಗೆಯ ಬಟ್ಟೆಯನ್ನು ಮುಟ್ಟಲು ಮೇಲುಜಾತಿಯ ಭಟನು ಹೇಸುತ್ತಾನೆ. ಯಾವ ಆಚಾರವು ಅಗಸನನ್ನು ಕೀಳೆಂದು ಬಗೆದು ದೂರವಿಟ್ಟಿತೋ ಅದೇ ಆಚಾರವು ಅಂದು ಅವನ ಗಂಟಿಗೆ ರಹದಾರಿಯಾಯಿತು. ಇದು ನಮ್ಮ ಊಹೆಯೇ ಹೊರತು ಪತ್ರದ ಮಾತಲ್ಲ. ಪತ್ರದಲ್ಲಿ ಅಗಸನ ಹೆಸರೂ ಇಲ್ಲ, ಅವನಿಗೆ ದೊರೆತ ಬಹುಮಾನದ ಮಾತೂ ಇಲ್ಲ, ಅರಸನ ಮಗ ಕಾಣೆಯಾದುದು ಬಯಲಾದ ಮೇಲೆ ಅವನ ಗತಿ ಏನಾಯಿತೆಂಬ ವಿವರವೂ ಇಲ್ಲ. ಜಗ್ಗರಾಯ, ತಿಮ್ಮನಾಯಕ, ಮಾಕರಾಯರ ಆದಾಯಗಳನ್ನೆಲ್ಲ ಕ್ರುಜಾಡೊಗಳಲ್ಲಿ ಎಣಿಸಿಕೊಟ್ಟ ಪಾದ್ರಿಗೆ ಇದು ಕೇಳಬೇಕಾದ ಪ್ರಶ್ನೆಯೆನಿಸಲಿಲ್ಲ. ತಂಜಾವೂರಿನ ಮಹಾಕವಿಗಳು ಈ ಪ್ರಸಂಗದಲ್ಲಿ ಎತ್ತಿ ಹಿಡಿದುದೆಲ್ಲ ತಮ್ಮ ರಾಜನ ಅಭಯಹಸ್ತವನ್ನೇ. ಆದರೂ ಸಾಮ್ರಾಜ್ಯದ ಉತ್ತರಾಧಿಕಾರವು ಒಂದು ಗಳಿಗೆ ಈ ಅನಾಮಧೇಯನ ತಲೆಯ ಮೇಲಿದ್ದಿತೆಂಬುದರಲ್ಲಿ ಸಂದೇಹವಿಲ್ಲ.

ಬಾಲಕನು ಪಾರಾದುದು ಒಳಗೆ ಉಳಿದವರಿಗೆ ಶುಭವಾಗಲಿಲ್ಲ. ಕಾವಲು ಬಿಗಿಯಾಯಿತು. ಸುರಂಗವನ್ನು ತೋಡಿಸಿ ಅರಸನನ್ನು ಬಿಡಿಸಲು ಯಾಚಮನು ಮಾಡಿದ ಯತ್ನ ಫಲಿಸಲಿಲ್ಲ. ಕೊನೆಗೆ ಕಾವಲಿನ ದಳಪತಿಯೊಬ್ಬನು ಯಾಚಮನ ಪಕ್ಷಕ್ಕೆ ಒಲಿದು ಒಳಗಿನ ಕಾವಲುಗಾರರನ್ನು ಕೊಂದನು. ಆದರೆ ಯಾಚಮನು ಬಂದು ಸೇರುವ ಮೊದಲೇ ಸುದ್ದಿ ಹಬ್ಬಿತು. ಜಗ್ಗರಾಯನ ತಮ್ಮನಾದ ಚಿನ್ನ ಓಬರಾಯನು ಸೆರೆಮನೆಯನ್ನು ಹೊಕ್ಕು, ತಾನಾಗಿ ಸಾಯುವೆಯೋ ನಮ್ಮ ಕೈಯಿಂದ ಸಾಯುವೆಯೋ ಎಂದು ಚಿಕ್ಕರಾಯನ ಮುಂದೆ ಆಯ್ಕೆಯನ್ನಿಟ್ಟನು. ಅರಸನೂ ರಾಣಿಯೂ ಒಳಗಿದ್ದ ಮಕ್ಕಳೂ ಆ ದಿನ ಮೃತರಾದರು. ಉಂಗುರವನ್ನು ತೊಟ್ಟು ನಾಲ್ಕು ತಿಂಗಳೂ ಕಳೆದಿತ್ತೋ ಇಲ್ಲವೋ.

ಈ ಕ್ರಮದಲ್ಲಿ ಘಟನೆಗಳನ್ನು ಇಟ್ಟು ನೋಡಿದರೆ ಒಂದು ಅಹಿತಕರವಾದ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗುವುದಿಲ್ಲ. ಯಾಚಮನ ರಕ್ಷಣೋಪಾಯಗಳೇ ಅರಸನ ಕುಟುಂಬದ ಸಾವನ್ನು ಹತ್ತಿರಕ್ಕೆ ತಂದವಲ್ಲವೆ? ಉತ್ತರಾಧಿಕಾರಿಯೊಬ್ಬನು ಹೊರಗೆ ಸುರಕ್ಷಿತನಾಗಿರುವವರೆಗೆ ಒಳಗಿದ್ದ ಅರಸನಿಂದ ಜಗ್ಗರಾಯನಿಗೆ ಪ್ರಯೋಜನವಿರಲಿಲ್ಲ, ಅಪಾಯವಿತ್ತು. ಹೀಗೆಂದು ಯಾಚಮನನ್ನು ದೂಷಿಸುವುದು ಅನ್ಯಾಯ; ಕೊಂದವರ ಪಾಪವನ್ನು ಕಾಯಲು ಹೊರಟವನ ತಲೆಗೆ ಕಟ್ಟಬಾರದು. ಆದರೆ ಅವನ ಸ್ವಾಮಿಭಕ್ತಿಯನ್ನು ಮಾತ್ರ ಕೊಂಡಾಡಿ ಈ ಪರಿಣಾಮವನ್ನು ಮರೆಯುವುದು ಇತಿಹಾಸಕಾರನಿಗೆ ಸಲ್ಲದು. ಹಾಗೆಯೇ, ಇನ್ನೊಬ್ಬ ಹುಡುಗನನ್ನೂ ಮರೆಯಬಾರದು. ಬಾಯಮ್ಮನು ಎತ್ತಿಕೊಂಡ ಬ್ರಾಹ್ಮಣಸ್ತ್ರೀಯ ಮಗನು ತಾನು ಯಾರ ಮಗನೆಂಬುದನ್ನು ಆರಿಸಿಕೊಂಡವನಲ್ಲ. ರಾಜ್ಯದ ಆಸೆಯನ್ನು ಅವನಿಗೆ ಅಂಟಿಸಿದವರು ಹಿರಿಯರು. ಒಂದು ಪಕ್ಷವು ಒಬ್ಬ ಹುಡುಗನನ್ನು ಸಿಂಹಾಸನದ ಮೇಲೆ ಕೂರಿಸಿತು, ಮತ್ತೊಂದು ಪಕ್ಷವು ಇನ್ನೊಬ್ಬನನ್ನು ಪಾಳೆಯದಲ್ಲಿ ಬಚ್ಚಿಟ್ಟಿತು. ಇಬ್ಬರ ಹೆಸರಿನಲ್ಲಿಯೂ ಬೇರೆಯವರೇ ಆಜ್ಞೆಗಳನ್ನು ಹೊರಡಿಸಿದರು.

ಅರಸನ ಕುಟುಂಬದ ಹತ್ಯೆಯಿಂದ ಜನಾಭಿಪ್ರಾಯವು ತಿರುಗಿತು. ಹಿಂದೆ ತಲೆಬಾಗಿದ್ದ ನಾಯಕರಲ್ಲಿ ಹಲವರು ಯಾಚಮನ ಕಡೆಗೆ ಬಂದರು. ಜಗ್ಗರಾಯನು ಸೋತು ಕಾಡುಗಳನ್ನು ಸೇರಿ, ಅಲ್ಲಿಂದ ಚೇತರಿಸಿಕೊಂಡು ದಕ್ಷಿಣದ ನಾಯಕರ ಸಹಾಯವನ್ನು ಬೇಡಿದನು. ಮಧುರೆಯ ಮುತ್ತುವೀರಪ್ಪನಾಯಕನೂ ಚೆಂಜಿಯ ಕೃಷ್ಣಪ್ಪನಾಯಕನೂ ಅವನೊಡನೆ ನಿಂತರು. ಅವರಿಗೆ ಬಾಯಮ್ಮನ ಮಗನ ಮೇಲೆ ಪ್ರೇಮವೇನೂ ಇರಲಿಲ್ಲ. ಕೇಂದ್ರದ ಅಧಿಕಾರವು ಕುಗ್ಗಿದಷ್ಟೂ, ಕಪ್ಪವನ್ನು ಒಪ್ಪಿಸುವ ಕಾಟ ತಪ್ಪಿದಷ್ಟೂ ಅವರಿಗೆ ಲಾಭ. ಯಾಚಮನಿಗೆ ಉಳಿದ ಒಂದೇ ದಿಕ್ಕು ತಂಜಾವೂರು. ಬಾಲಕನೊಡನೆ ಅವನು ಅತ್ತ ಹೊರಟನು.

ಇಲ್ಲಿಂದ ಮುಂದೆ ತಂಜಾವೂರಿನ ಕಾವ್ಯಗಳು ಕಥೆಯನ್ನು ಕೈಗೆತ್ತಿಕೊಳ್ಳುತ್ತವೆ. ಅವುಗಳ ಪ್ರಕಾರ ರಘುನಾಥನು ಶರಣಾಗತರ ಕಲ್ಪವೃಕ್ಷ. ಜಗ್ಗರಾಯನ ದ್ರೋಹವನ್ನು ಕೇಳಿದ ಕೂಡಲೆ ಅವನ ಕಣ್ಣು ಕೆಂಪಾಗುತ್ತದೆ. ಆದರೆ ಕಾವ್ಯಗಳು ಹೇಳುವ ಘಟನೆಗಳ ಅನುಕ್ರಮವನ್ನು ಸಾವಧಾನವಾಗಿ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಸಭೆಯಲ್ಲಿ ರಘುನಾಥನ ಮುಂದೆ ಮೂರು ದೂರುಗಳು ಬರುತ್ತವೆ: ಕೊಳ್ಳಿಡಂ ನದಿಯ ಮುಖದಲ್ಲಿದ್ದುಕೊಂಡು ಜನರನ್ನು ಪೀಡಿಸುತ್ತಿದ್ದ ಸೋಲಗನೆಂಬ ಪಾಳೆಯಗಾರನದು ಒಂದು, ಪೋರ್ಚುಗೀಸರಿಂದ ನೊಂದು ಬಂದ ಯಾಳ್ಪಾಣದ ಅರಸನದು ಒಂದು, ರಾಮದೇವನದು ಒಂದು. ರಘುನಾಥನು ಮೊದಲು ಸೋಲಗನ ಮೇಲೆ ದಂಡೆತ್ತಿದನು. ಆಮೇಲೆ ಯಾಳ್ಪಾಣದ ಕಾರ್ಯ. ತೊಪ್ಪೂರಿನ ಕಡೆಗೆ ಹೊರಟುದು ಎಲ್ಲದರ ಕೊನೆಗೆ. ಹೊಗಳಲೆಂದೇ ಬರೆದವರು ಈ ಕ್ರಮವನ್ನು ತಮ್ಮ ರಾಜನಿಗೆ ಕುಂದೆಂದು ಭಾವಿಸಲಿಲ್ಲವಾದುದರಿಂದ ಇದನ್ನು ನಂಬಬಹುದು. ಅಷ್ಟು ಹೊತ್ತು ಯಾಚಮನೂ ಹುಡುಗನೂ ಕಾದರು.

ಈ ವಿಳಂಬಕ್ಕೆ ರಾಜಕಾರ್ಯಗಳ ಒತ್ತಡವಲ್ಲದೆ ಮನೆಯೊಳಗಣ ಕಾರಣವೂ ಇದ್ದಿರಬೇಕು. ಚೆಂಜಿಯ ಕೃಷ್ಣಪ್ಪನಾಯಕನನ್ನು ಹಿಂದೊಮ್ಮೆ ವೆಂಕಟಪತಿಯು ಸೆರೆಯಲ್ಲಿಟ್ಟಿದ್ದಾಗ ರಘುನಾಥನು ನಡುವೆ ಬಂದು ಬಿಡಿಸಿದನೆಂದೂ, ಕೃತಜ್ಞನಾದ ಕೃಷ್ಣಪ್ಪನು ಮಗಳನ್ನು ಅವನಿಗೆ ಕೊಟ್ಟನೆಂದೂ ತಂಜಾವೂರಿನ ಆಕರಗಳು ತಿಳಿಸುತ್ತವೆ. ರಾಮದೇವನ ಪಕ್ಷ ಹಿಡಿಯುವುದೆಂದರೆ ಮಾವನ ಮೇಲೆ ಖಡ್ಗವೆತ್ತುವುದೆಂದೇ ಅರ್ಥ. ಇದಕ್ಕಿಂತ ದೊಡ್ಡದಾದ ಮಾತೊಂದುಂಟು. ತಂಜಾವೂರು ಸಮೃದ್ಧವಾದ ರಾಜ್ಯ. ಯುದ್ಧದಿಂದ ಅದಕ್ಕೆ ಬರುವುದಕ್ಕಿಂತ ಹೋಗುವುದೇ ಹೆಚ್ಚು. ಬಾಲಕನನ್ನು ಕೈಬಿಟ್ಟಿದ್ದರೆ ಜಗ್ಗರಾಯನೊಡನೆ ಒಪ್ಪಂದಕ್ಕೆ ಬರುವುದು ಕಷ್ಟವಾಗುತ್ತಿರಲಿಲ್ಲ. ಆಸ್ಥಾನದ ಹಿರಿಯ ಮಂತ್ರಿ ಗೋವಿಂದ ದೀಕ್ಷಿತರು ಹೊಯ್ಸಳ ಕರ್ನಾಟಕ ಬ್ರಾಹ್ಮಣರು, ಸಾಹಿತ್ಯರತ್ನಾಕರವನ್ನು ರಚಿಸಿದ ಯಜ್ಞನಾರಾಯಣನ ತಂದೆ. ಮೂರು ತಲೆಮಾರಿನ ನಾಯಕರಿಗೆ ಸಲಹೆ ಕೊಟ್ಟ ಆ ಪ್ರೌಢ ರಾಜನೀತಿಜ್ಞರಿಗೆ ಇದೆಲ್ಲ ಹೊಳೆದಿರಲಿಲ್ಲವೆಂದು ಹೇಳಲಾಗದು.

ರಘುನಾಥನ ಸಂದೇಹವನ್ನು ಕಳೆದವರು ಅವನ ಶತ್ರುಗಳೇ. ಜಗ್ಗರಾಯನೂ ಅವನ ಮಿತ್ರರೂ ತಿರುಚಿರಾಪಳ್ಳಿಯ ಸುತ್ತ ನೆರೆದು, ಕಾವೇರಿಯ ಕಲ್ಲಣೆಯನ್ನು ಒಡೆದರು. ಕರಿಕಾಲಚೋಳನ ಹೆಸರಿನೊಡನೆ ಬೆಸೆದುಕೊಂಡಿರುವ ಈ ಅಣೆಕಟ್ಟು ತಂಜಾವೂರಿನ ಜೀವನಾಡಿ. ಕಾವೇರಿಯ ನೀರು ಕೊಳ್ಳಿಡಮ್ಮಿನ ಕಡೆಗೆ ಸೋರಿಹೋಗದೆ ಕಾಲುವೆಗಳಲ್ಲಿ ಹರಿದು ನದೀಮುಖದ ಗದ್ದೆಗಳನ್ನು ಮುಟ್ಟುವುದು ಇದರಿಂದಲೇ. ಕಲ್ಲಣೆ ಒಡೆದರೆ ಒಂದು ವರ್ಷದ ಬೆಳೆ ಹೋಯಿತು. ದುರಸ್ತಿಯಾಗದಿದ್ದರೆ ನಾಡೇ ಹೋಯಿತು. ಒಬ್ಬ ಅನಾಥ ರಾಜಕುಮಾರನ ನ್ಯಾಯವು ಇಲ್ಲಿಯವರೆಗೆ ತಂಜಾವೂರಿನ ರೈತನಿಗೆ ದೂರದ ಸಂಗತಿಯಾಗಿತ್ತು. ಕಾಲುವೆ ಬತ್ತಿದ ದಿನ ಅದು ಅವನ ಗದ್ದೆಯ ಬದುವಿಗೇ ಬಂದು ನಿಂತಿತು. ರಘುನಾಥನು ಸೇನೆಯೊಡನೆ ಹೊರಟುದು ಈ ಸನ್ನಿವೇಶದಲ್ಲಿ. ಅವನು ಕೊನೆಗೂ ಬಾಲಕನ ಪಕ್ಷದಲ್ಲಿ ಯುದ್ಧ ಮಾಡಿದನೆಂಬುದು ನಿಜ, ಅದರಿಂದ ಅವನಿಗೆ ಕೀರ್ತಿ ಸಲ್ಲಬೇಕಾದುದೂ ನಿಜ. ಆದರೆ ಶರಣಾಗತರಕ್ಷಣೆಯ ವ್ರತವೊಂದೇ ಅವನನ್ನು ರಣರಂಗಕ್ಕೆ ತಂದಿತೆಂದು ಕವಿಗಳೊಡನೆ ನಾವು ಹಾಡಬೇಕಾಗಿಲ್ಲ.

ಬರ್ರದಾಸನು ಪತ್ರವನ್ನು ಬರೆಯುವಾಗ ಎರಡು ಸೇನೆಗಳೂ ತಿರುಚಿರಾಪಳ್ಳಿಯ ಬಯಲಿನಲ್ಲಿ ಎದುರುಬದುರಾಗಿದ್ದವು. ಒಟ್ಟು ಹತ್ತು ಲಕ್ಷ ಮಂದಿ ಸೈನಿಕರಿದ್ದರೆಂದು ಅವನು ಹೇಳುವುದು ಕೇವಲ ಉತ್ಪ್ರೇಕ್ಷೆ. ದಕ್ಷಿಣದೇಶವು ಅಂದು ಕಂಡ ಮಹಾಯುದ್ಧಗಳಲ್ಲಿ ಅದೊಂದೆಂಬುದಷ್ಟನ್ನು ಅದರಿಂದ ಗ್ರಹಿಸಬಹುದು. 1616ರ ಕೊನೆಯಲ್ಲಿಯೋ 1617ರ ಮೊದಲ ಭಾಗದಲ್ಲಿಯೋ ತಿರುಚಿರಾಪಳ್ಳಿಗೂ ಕಲ್ಲಣೆಗೂ ನಡುವಣ ತೊಪ್ಪೂರಿನಲ್ಲಿ ಕದನ ನಡೆಯಿತು. ಜಗ್ಗರಾಯನು ಹತನಾದನು. ಕೃಷ್ಣಪ್ಪನೂ ಮುತ್ತುವೀರಪ್ಪನೂ ಸೋತು ಹಿಮ್ಮೆಟ್ಟಿದರು. ಜಗ್ಗರಾಯನನ್ನು ಕೊಂದ ಕೀರ್ತಿಯ ಸಂಬಂಧದಲ್ಲಿ ಆಕರಗಳು ಒಮ್ಮತವಾಗಿಲ್ಲ. ವೆಲುಗೋಟಿ ಮನೆತನದ ಪ್ರಶಸ್ತಿಗಳು ಅದನ್ನು ಯಾಚಮನಿಗೆ ಸಲ್ಲಿಸುತ್ತವೆ, ತಂಜಾವೂರಿನವು ರಘುನಾಥನ ಪರಾಕ್ರಮಕ್ಕೆ. ನಮಗೆ ಈ ವಿವಾದದಲ್ಲಿ ಹೆಚ್ಚಿನ ಆಸಕ್ತಿಯಿಲ್ಲ. ಮೈಸೂರಿನ ಒಡೆಯರ ಹೆಸರಾಗಲಿ ಇಕ್ಕೇರಿಯ ನಾಯಕರ ಹೆಸರಾಗಲಿ ಈ ಕದನದ ವರ್ಣನೆಗಳಲ್ಲಿ ಕೇಳಿಬರುವುದಿಲ್ಲ. ಅದೇ ಹೆಚ್ಚು ಗಮನಾರ್ಹವಾದ ವಿಷಯ. ಕರ್ನಾಟಕ ಸಾಮ್ರಾಜ್ಯವೆಂಬ ಹೆಸರನ್ನು ಹೊತ್ತ ರಾಜ್ಯದ ಹಣೆಬರಹವು ಕಾವೇರಿಯ ತೀರದಲ್ಲಿಯೇ ನಿರ್ಧಾರವಾಯಿತು. ಆದರೆ ಶ್ರೀರಂಗಪಟ್ಟಣದ ಕಾವೇರಿಯಿಂದ ಬಹುದೂರ ಕೆಳಗೆ, ಕನ್ನಡಿಗ ಪ್ರಭುಗಳ ಕೈಯಿಲ್ಲದೆ.

ರಘುನಾಥನು ಬಾಲಕನಿಗೆ ಕುಂಭಕೋಣದಲ್ಲಿ ಪಟ್ಟಾಭಿಷೇಕ ಮಾಡಿಸಿದನು. ಆ ಊರಿನಲ್ಲಿ ಅವನು ಕಟ್ಟಿಸಿದ ರಾಮಸ್ವಾಮಿ ದೇವಾಲಯದ ಗರ್ಭಗೃಹದಲ್ಲಿ ಪಟ್ಟಾಭಿಷಿಕ್ತನಾದ ಶ್ರೀರಾಮನ ಮೂರ್ತಿಯಿದೆ. ರಾಮಭಕ್ತನಾದ ನ��ಯಕನು ರಾಮನೆಂಬ ಹೆಸರಿನ ಹುಡುಗನಿಗೆ ಪಟ್ಟ ಕಟ್ಟಿದ ಊರಿನಲ್ಲಿ ಅಂತಹ ಗುಡಿಯನ್ನು ಕಾಣುವಾಗ ಎರಡನ್ನೂ ಜೋಡಿಸುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಆ ಜೋಡಣೆಯನ್ನು ಭಾವನೆಯ ಮಟ್ಟದಲ್ಲಿಯೇ ಬಿಡುವುದು ಲೇಸು.

ಸಾಹಸಕಥೆಯಾದರೆ ಇಲ್ಲಿಗೆ ಮುಗಿಯುತ್ತಿತ್ತು. ಪಟ್ಟವೇರಿದಾಗ ರಾಮದೇವನಿಗೆ ಹದಿನೈದರ ಸುಮಾರು ವಯಸ್ಸು. ಜಗ್ಗರಾಯನು ಸತ್ತರೂ ಅವನ ತಮ್ಮನಾದ ಎತಿರಾಜನು ಉಳಿದಿದ್ದನು; ಕಾಳಗವೂ ಉಳಿದಿತ್ತು. ಇದನ್ನು ನಿಲ್ಲಿಸಲು ಒದಗಿದ ಉಪಾಯವೆಂದರೆ ವಿವಾಹ: ರಾಮದೇವನು ಎತಿರಾಜನ ಮಗಳನ್ನು ಮದುವೆಯಾದನು. ತಂದೆತಾಯಿಗಳನ್ನೂ ಒಡಹುಟ್ಟಿದವರನ್ನೂ ಕೊಲ್ಲಿಸಿದವನ ತಮ್ಮನ ಮಗಳನ್ನು ಅವನು ಕೈಹಿಡಿಯಬೇಕಾಯಿತು. ಇದು ಅವನ ಸ್ವಂತ ವಿವೇಕವೋ ಮಂತ್ರಿಗಳ ಬುದ್ಧಿವಾದವೋ ಎಂಬುದನ್ನು ಬಿಟ್ಟು ನೋಡಿದರೂ, ರಾಜನೀತಿಯ ದೃಷ್ಟಿಯಿಂದ ಇದನ್ನು ತಪ್ಪೆನ್ನಲಾಗದು. ವಿಜಾಪುರದವರು ಕರ್ನೂಲಿನ ಮೇಲೆ ಕಣ್ಣಿಟ್ಟಿದ್ದ ಸಮಯ ಅದು. 1624ರಲ್ಲಿ ಆ ಕೋಟೆ ಅವರ ವಶವಾಯಿತು. ಮನೆಯೊಳಗಣ ಜಗಳವನ್ನು ಬೆಳೆಸಿಕೊಂಡು ಹೋಗುವ ಶಕ್ತಿ ರಾಜ್ಯಕ್ಕೆ ಇರಲಿಲ್ಲ. ಆದರೆ ಈ ಸಂಬಂಧವನ್ನು ಯಾಚಮನು ಸಹಿಸಲಿಲ್ಲ. ಎರಡು ವರ್ಷಕ್ಕೂ ಮಿಕ್ಕ ಕಾಲ ಯಾವ ಹುಡುಗನನ್ನು ಪಾಳೆಯದಿಂದ ಪಾಳೆಯಕ್ಕೆ ಸಾಗಿಸುತ್ತ ಕಾದಿದ್ದನೋ ಅವನ ಪಕ್ಷವನ್ನೇ ತೊರೆದು ಎದುರುನಿಂತನು. ರಕ್ಷಕನಾಗಿ ಪಡೆದ ಸ್ಥಾನವನ್ನು ಶತ್ರುವಿನ ಮನೆಯವರೊಡನೆ ಹಂಚಿಕೊಳ್ಳಲು ಅವನು ಸಿದ್ಧನಿರಲಿಲ್ಲವೆಂದು ಕೆಲವರು ಹೇಳಬಹುದು. ಚಿಕ್ಕರಾಯನ ಕೊಲೆಯನ್ನು ಅವನು ಮರೆಯಲಾರದೆ ಹೋದನೆಂದೂ ಹೇಳಬಹುದು. ಎರಡನೆಯದು ನಮಗೆ ಹೆಚ್ಚು ಸಂಭಾವ್ಯವಾಗಿ ತೋರುತ್ತದೆ. ಏಕೆಂದರೆ ಯಾಚಮನಿಗೆ ಲಾಭವೇ ಮುಖ್ಯವಾಗಿದ್ದರೆ 1614ರಲ್ಲಿ ಎಲ್ಲ ನಾಯಕರೂ ತಲೆಬಾಗಿದ ದಿನ ತಾನೂ ತಲೆಬಾಗುವುದೇ ಅವನಿಗೆ ಸುಲಭವಾದ ದಾರಿಯಾಗಿತ್ತು.

ಹೀಗೆ ನೋಡಿದಾಗ ರಾಮದೇವನ ರಕ್ಷಕರು ಮೂವರು. ತಂಜಾವೂರಿನ ನಾಯಕನು ತಡವಾಗಿ, ತನ್ನ ನೀರಿಗೆ ಕುತ್ತು ಬಂದ ಮೇಲೆ ಬಂದನು. ಅವನಿಗೆ ಎರಡು ಮಹಾಕಾವ್ಯಗಳ ಕೀರ್ತಿ ದಕ್ಕಿತು. ಯಾಚಮನು ಮೊದಲಿನಿಂದಲೂ ಇದ್ದನು. ಆದರೆ ಕೊನೆಯವರೆಗೂ ಉಳಿಯಲಿಲ್ಲ. ಅವನಿಗೆ ಒಂದು ವಂಶಾವಳಿಯ ಕೀರ್ತಿ. ಅಗಸನಿಗೆ ಪರದೇಶದ ಪಾದ್ರಿಯ ಪತ್ರದಲ್ಲಿ ಒಂದು ವಾಕ್ಯ. ಅಳಿದುಳಿದ ರಾಜ್ಯವನ್ನು ರಾಮದೇವನು ಹದಿನೈದು ವರ್ಷಕ್ಕೆ ಹತ್ತಿರವಾಗಿ ಆಳಿ, 1630ರಿಂದ 1632ರ ನಡುವೆ ಮೂವತ್ತರ ಆಸುಪಾಸಿನ ವಯಸ್ಸಿನಲ್ಲಿ ತೀರಿಕೊಂಡನು. ಅವನಿಗೆ ಮಕ್ಕಳೂ ಇರಲಿಲ್ಲ, ಸೋದರರೂ ಉಳಿದಿರಲಿಲ್ಲ. ರಾಜ್ಯವು ಅಳಿಯ ರಾಮರಾಯನ ಮೊಮ್ಮಗನಾದ ಪೆದವೆಂಕಟನಿಗೆ ಹೋಯಿತು.